ಮೇಜಿಗೆ ಮರಳಿದ ಪುಟ್ಟ ಗಣಕ

ಎ.ಟಿ.ಎಂ. ಕಾರ್ಡಿನಷ್ಟು ಅಗಲದ ಒಂದು ಹಸಿರು ಫಲಕ. ಅದಕ್ಕೆ ಹೊದಿಕೆಯಿಲ್ಲ, ಫ್ಯಾನಿಲ್ಲ, ಆರಿಸುವ ಗುಂಡಿಯೂ ಇಲ್ಲ. ಮೊಬೈಲ್ ಚಾರ್ಜರಿನಂಥ ತಂತಿಯಿಂದ ವಿದ್ಯುತ್ ಕೊಟ್ಟು ಟಿ.ವಿ., ಕೀಲಿಮಣೆ, ಮೌಸ್ ಜೋಡಿಸಿದರೆ ಅದೇ ಒಂದು ಪೂರ್ಣ ಗಣಕಯಂತ್ರ. 2012ರ ಫೆಬ್ರುವರಿ 29ರಂದು 35 ಡಾಲರ್ ಬೆಲೆಗೆ ಬಿಡುಗಡೆಯಾದ ‘ರಾಸ್ಪ್‌ಬೆರಿ ಪೈ’ಯ ರೂಪ ಇದು. ಮಕ್ಕಳ ಕಲಿಕೆಗೆಂದು ಹುಟ್ಟಿದ ಇದನ್ನು ಬರವಣಿಗೆ, ಲೆಕ್ಕಪತ್ರಗಳಂಥ ದಿನನಿತ್ಯದ ಕೆಲಸಕ್ಕೂ ಬಳಸಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣಕ್ಕೆ, ಅದೂ 2012ಕ್ಕಿಂತ ಮೂರು ದಶಕ ಹಿಂದಕ್ಕೆ ಹೋಗಬೇಕು.

ಜನಸಾಮಾನ್ಯರಿಗೆ ಗಣಕದ ಅರಿವು ಮೂಡಿಸಲು ಬಿಬಿಸಿ ಒಂದು ಯೋಜನೆ ಹಮ್ಮಿಕೊಂಡಿತ್ತು. ಅದಕ್ಕಾಗಿ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ 1981ರಲ್ಲಿ ‘ಬಿಬಿಸಿ ಮೈಕ್ರೊ’ ತಯಾರಿಸಿತು. ಕೀಲಿಮಣೆಯೊಳಗೇ ಅಡಗಿದ್ದ ಈ ಯಂತ್ರ ಬ್ರಿಟನ್ನಿನ ಬಹುತೇಕ ಶಾಲೆಗಳನ್ನು ಹೊಕ್ಕಿತು. 1984-85ರಲ್ಲಿ ಭಾರತ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದದ್ದು ಇದೇ ಬಿಬಿಸಿ ಮೈಕ್ರೊ.

ಮುಂದಿನ ಮೇಜುಗಣಕಕ್ಕೆ ಹೆಚ್ಚು ಸಾಮರ್ಥ್ಯದ ಸಂಸ್ಕಾರಕ ಬೇಕಿತ್ತು. ಪೇಟೆಯಲ್ಲಿ ಸಿಗುತ್ತಿದ್ದವು ಏಕಾರ್ನ್‌ಗೆ ಒಪ್ಪಿಗೆಯಾಗಲಿಲ್ಲ. ಸಂಸ್ಥೆಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಒಂದು ಚಿಪ್ ವಿನ್ಯಾಸ ಕೇಂದ್ರಕ್ಕೆ ಹೋದಾಗ ಅಲ್ಲಿ ಕಂಡದ್ದು ದೊಡ್ಡ ಕಾರ್ಖಾನೆಯಲ್ಲ, ಒಂದು ಬಂಗಲೆಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ತಂಡ. ‘ಇವರಿಂದಾದರೆ ನಮ್ಮಿಂದೇಕಾಗದು’ ಎಂಬ ಧೈರ್ಯ ಮೂಡಿದ್ದು ಆಗ. ಆದೇಶಗಳನ್ನು ಕಡಿಮೆ ಮಾಡಿ ಸರಳಗೊಳಿಸಿ, ಅವುಗಳನ್ನು ವೇಗವಾಗಿ ನಡೆಸುವುದು ಅವರ ಸೂತ್ರ. 1985ರ ಏಪ್ರಿಲ್ 26ರಂದು ಮೊದಲ ‘ಆರ್ಮ್’ ಚಿಪ್ ಕೆಲಸ ಮಾಡಿತು. ಅದರಲ್ಲಿದ್ದದ್ದು ಸುಮಾರು 25 ಸಾವಿರ ಟ್ರಾನ್ಸಿಸ್ಟರುಗಳು. ಅದೇ ವರ್ಷ ಬಂದ ಇಂಟೆಲ್ 80386 ಚಿಪ್ಪಿನಲ್ಲಿ 2.75 ಲಕ್ಷ!

ವಿದ್ಯುತ್ತಿನ ಮಿತವ್ಯಯಕ್ಕೆ ಕಾರಣ ಪರಿಸರ ಕಾಳಜಿಯಲ್ಲ, ಬರೀ ಕಾಸಿನ ಲೆಕ್ಕಾಚಾರ. ಚಿಪ್ಪಿನ ಬಿಸಿ ಹೆಚ್ಚಿದರೆ ದುಬಾರಿ ಪಿಂಗಾಣಿ ಕವಚ ಬೇಕಾಗುತ್ತಿತ್ತು. ಅಗ್ಗದ ಪ್ಲಾಸ್ಟಿಕ್ ಕವಚ ಸಾಕಾಗಬೇಕಾದರೆ ಬಳಕೆ ಒಂದು ವಾಟ್ ದಾಟಬಾರದು. ಕರಾರುವಾಕ್ಕಾಗಿ ಅಳೆಯುವ ಸಾಧನಗಳಿಲ್ಲದ ಕಾರಣ ವಿನ್ಯಾಸಕಾರರು ಎಲ್ಲೆಡೆಯೂ ಕೈ ಬಿಗಿಹಿಡಿದರು. ಫಲ, ಬಳಕೆ ವಾಟಿನ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು! ಪರೀಕ್ಷೆಯ ವೇಳೆ ಮಾಪಕ ಸೊನ್ನೆ ತೋರಿಸಿತಂತೆ. ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿದ ಅಲ್ಪ ವಿದ್ಯುತ್ತಿನಲ್ಲೇ ಅದು ನಡೆಯುತ್ತಿತ್ತು.

ಇದೇ ವಂಶದ ಚಿಪ್ ಹೊತ್ತ ‘ಆರ್ಕಿಮಿಡೀಸ್’ 1987ರಲ್ಲಿ ಮೇಜಿನ ಮೇಲೆ ಕುಳಿತಿತಾದರೂ ಐಬಿಎಂ ಮಾದರಿಯ ಪಿ.ಸಿ.ಗಳ ಪ್ರವಾಹದೆದುರು ಬಹುಕಾಲ ನಿಲ್ಲಲಾಗಲಿಲ್ಲ. ಮೇಜಿನಲ್ಲಿ ಸೋತ ಆರ್ಮ್ ಗೆದ್ದದ್ದು ಜೇಬಿನಲ್ಲಿ. 1990ರಲ್ಲಿ ಪ್ರತ್ಯೇಕ ಕಂಪನಿಯಾದ ಮೇಲೆ, ಬ್ಯಾಟರಿಯಿಂದ ನಡೆಯುವ ಮೊಬೈಲ್ ಫೋನುಗಳಿಗೆ ಅದರ ಮಿತವ್ಯಯವೇ ವರವಾಯಿತು. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯೊಡನೆ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕದ ಒಳಗಿದ್ದದ್ದೂ ಇದೇ ವಂಶದ ‘ಸ್ಟ್ರಾಂಗ್‌ಆರ್ಮ್’ ಚಿಪ್. ಹಳ್ಳಿಗರ ಕೈಗೆ ಗಣಕ ಕೊಡುವ ಆ ಕನಸು ನಿರೀಕ್ಷಿಸಿದಷ್ಟು ಮಾರಾಟ ಕಾಣಲಿಲ್ಲ.

ಇತ್ತ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಬೆನ್ ಅಪ್ಟನ್ ಮತ್ತು ಸಹೋದ್ಯೋಗಿಗಳನ್ನು ಬೇರೊಂದು ಚಿಂತೆ ಕಾಡುತ್ತಿತ್ತು. ಗಣಕ ವಿಜ್ಞಾನ ಕಲಿಯಲು ಬರುವವರ ಸಂಖ್ಯೆ ಇಳಿಯುತ್ತಿತ್ತು. ಬಂದವರಲ್ಲೂ ಸ್ವತಃ ಪ್ರೋಗ್ರಾಂ ಬರೆದ ಅನುಭವ ಕಡಿಮೆ. ಬಿಬಿಸಿ ಮೈಕ್ರೊ ಕಲಿಸಿದ್ದನ್ನು ಸಿದ್ಧ ಪಿ.ಸಿ. ಕಲಿಸಿರಲಿಲ್ಲ. ಈ ಕೊರತೆ ನೀಗಿಸಲು ಹೊರಟವರು ತಮ್ಮ ಯಂತ್ರಕ್ಕೆ ಬಿಬಿಸಿ ಮೈಕ್ರೊ ನೆನಪಿಗಾಗಿ ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂದೇ ಹೆಸರಿಟ್ಟರು. ಒಳಗಿನ ಸಂಸ್ಕಾರಕವೂ ಆರ್ಮ್! ಜೇಬಿಗೆ ಹೋದದ್ದು ಹೀಗೆ ಮತ್ತೆ ಮೇಜಿಗೆ ಬಂತು.

700 ಮೆಗಾಹರ್ಟ್ಸ್ ವೇಗ, 256 ಮೆಗಾಬೈಟ್ ಸ್ಮೃತಿಯ ಮೊದಲ ಪೈನಲ್ಲಿ ಪತ್ರ ಬರೆಯಬಹುದಿತ್ತು. ಆದರೆ ಅಂತರಜಾಲದ ಪುಟ ತೆರೆಯುವುದು ತಾಳ್ಮೆಯ ಪರೀಕ್ಷೆ. 2015ರಲ್ಲಿ ನಾಲ್ಕು ಕೋರ್‌ಗಳು ಬಂದವು. 2019ರ ‘ಪೈ 4’ ಎರಡು ಪರದೆಗಳನ್ನು ನಡೆಸುವಷ್ಟು ಬಲಿತಿತು. 2020ರ ನವೆಂಬರಿನಲ್ಲಿ 70 ಡಾಲರಿಗೆ ಬಂದ ‘ಪೈ 400’ ಬಿಬಿಸಿ ಮೈಕ್ರೊದಂತೆಯೇ ಕೀಲಿಮಣೆಯೊಳಗೆ ಅಡಗಿತ್ತು. ‘ಪೈ 4’ಕ್ಕೆ ಬೇಕಾದ ವಿದ್ಯುತ್ ಪೂರೈಕೆ 15 ವಾಟ್. ಹಳೆಯ ಕಾಲದ 40 ವಾಟಿನ ಬಲ್ಬಿಗಿಂತಲೂ ಇದು ಬಹಳ ಕಡಿಮೆ.

ಹಾಗೆಂದು ತೊಡಕುಗಳಿಲ್ಲವೆಂದಲ್ಲ. ಕಡತಗಳನ್ನಿಡುವ ಪುಟಾಣಿ ಮೆಮೊರಿ ಕಾರ್ಡ್ ನಿಧಾನ, ಸತತ ಬರೆಯುವಿಕೆಯಿಂದ ಸವೆಯುವಂಥದ್ದು. ಪರದೆ, ಕೀಲಿಮಣೆ ಸೇರಿದರೆ 35 ಡಾಲರಿನ ಲೆಕ್ಕ ನಿಲ್ಲದು. 2021ರ ಚಿಪ್ ಅಭಾವದಲ್ಲಿ ಬೆಲೆಯೂ ಏರಿತು. ಎಲ್ಲಕ್ಕಿಂತ ಮುಖ್ಯವಾಗಿ, 2023ರ ‘ಪೈ 5’ಕ್ಕೆ 27 ವಾಟಿನ ಪೂರೈಕೆ ಬೇಕಾಯಿತು, ಭಾರದ ಕೆಲಸಕ್ಕೆ ಫ್ಯಾನೂ ಬೇಕಾಯಿತು. ಪುಟ್ಟ ಗಣಕ ದೊಡ್ಡದರ ಕೆಲಸ ಮಾಡಬೇಕೆಂದು ಕೇಳಿದಷ್ಟೂ ಅದರ ಹಸಿವು ಹೆಚ್ಚುತ್ತದೆ. ಬರೆಯಲು, ಓದಲು, ಲೆಕ್ಕವಿಡಲು ಅದು ಧಾರಾಳವಾಗಿ ಸಾಕು. ಅದಕ್ಕೂ ಮೀರಿ ಬೇಕೆನ್ನುವವರು ಎಷ್ಟು ವಾಟ್ ಕೊಡಲು ಸಿದ್ಧ ಎಂಬುದನ್ನೂ ಹೇಳಬೇಕಾಗುತ್ತದೆ. 1985ರ ಆ ವಿನ್ಯಾಸಕಾರರಿಗೆ ಆ ಮಿತಿಯನ್ನು ಹಾಕಿಕೊಟ್ಟದ್ದು ಒಂದು ಪ್ಲಾಸ್ಟಿಕ್ ಕವಚ.