ಮೊದಲ 10,000 ಯಾರು ಕೊಟ್ರು?

ನಮ್ಮ ಲೋಕಿಕೆರೆ ಕಡೆಯವರಿಗೆ ಕಿರ್ಲೋಸ್ಕರ್ ಅಂದ್ರೆ 1941ರಲ್ಲಿ ಹರಿಹರದಲ್ಲಿ ಶುರುವಾದ ಲೇತ್ ಕಾರ್ಖಾನೆ. ಆ ಮನೆತನದ ಲಕ್ಷ್ಮಣರಾವ್ ಬೆಳಗಾವಿಯಲ್ಲಿ ಜಾಗ ಕಳಕೊಂಡಾಗ, 1910ರಲ್ಲಿ ಔಂಧ್ ಸಂಸ್ಥಾನದ ರಾಜ ಜಮೀನು ಕೊಟ್ಟು 10,000 ರೂಪಾಯಿ ಸಾಲವನ್ನೂ ಕೊಟ್ರು. 1981ರಲ್ಲಿ ಇನ್ಫೋಸಿಸ್ ಶುರುವಾಗಿದ್ದೂ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಂದ.

ಇಂಥ ಮೊದಲ ದುಡ್ಡು ಹಾಕೋರಿಗೆ ಈಗ ಏಂಜೆಲ್ ಇನ್ವೆಸ್ಟರ್ ಅಂತಾರೆ. ಕಟ್ಟಿದವರಿಗೆ ಪ್ರತಿಭೆ ಇತ್ತು, ನಿಜ. ನಂಬಿ ಕೊಡೋ ಹತ್ತಿರದವರೂ ಇದ್ರು. ನಮ್ಮ ಕೇರಿ ಹುಡುಗರಿಗೆ ಯಾರಿದ್ದಾರೆ? 2013ರ ಸೆಬಿ ನಿಯಮದಂತೆ ಏಂಜೆಲ್ ಫಂಡಿಗೆ ಹಣ ಹಾಕೋ ವ್ಯಕ್ತಿಗೆ ವಾಸದ ಮನೆ ಬಿಟ್ಟು 2 ಕೋಟಿ ಆಸ್ತಿ ಇರಬೇಕಿತ್ತು. ನನ್ನಂಥ ಗುಮಾಸ್ತ ಎಲ್ಲಿ ನಿಲ್ಲಬೇಕು?

2015ರಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿ ಉದ್ಯಮಿಗಳಿಗೆ ವೆಂಚರ್ ಕ್ಯಾಪಿಟಲ್ ನಿಧಿ ತಂತು. ನೂರು ವರ್ಷ ತಡವಾಗಿ ಬಂದ ನಮ್ಮ ಪಾಲು ಅದು. ಅರ್ಜಿ ಹಾಕ್ರಿ, ಹಕ್ಕಿಂದ ಕೇಳ್ರಿ.