ಮಾಗಿಯ ಒಣಹವೆಯೂ ಓಲೆಗರಿಯ ರಕ್ಷಣೆಯೂ

ಹಸ್ತಪ್ರತಿಗಳ ರಕ್ಷಣೆಯ ಪ್ರಸ್ತಾಪ ಬಂದಾಗಲೆಲ್ಲ ಗೆದ್ದಲು, ಹುಳು, ಮಳೆಗಾಲದ ಬೂಷ್ಟು ಇವುಗಳನ್ನೇ ಶತ್ರುಗಳೆಂದು ಹೇಳುವುದು ವಾಡಿಕೆ. ಕರಾವಳಿಗೆ ಸಮೀಪದ ಮೂಡಬಿದಿರೆಯ ಭಂಡಾರಗಳ ಮಟ್ಟಿಗೆ ಈ ಮಾತು ಯುಕ್ತವಾದುದು. ಆದರೆ ಬಾಬಾಬುಡನ್ ಗಿರಿಶ್ರೇಣಿಯ ಮಳೆನೆರಳಿನಲ್ಲಿರುವ ಕಡೂರು, ತರೀಕೆರೆಯ ಪೂರ್ವಭಾಗ ಹಾಗೂ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ ಇವುಗಳಲ್ಲಿ ಮಾಗಿಯ ಒಣಹವೆಯನ್ನೂ ಲೆಕ್ಕಿಸಬೇಕಾಗುತ್ತದೆ.

ಈ ಸೀಮೆಯ ಜೈನ ಪ್ರಾಚೀನತೆಗೆ ಕಡೂರಿನ ಕ್ರಿ.ಶ. ೯೭೧ರ ಶಾಸನವೇ ಸಾಕ್ಷಿ. ಬೂತುಗನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸನ್ನಾಚರಿಸಿ ಮುಡಿಪಿದುದನ್ನು ಅದು ದಾಖಲಿಸಿದೆ. ೧೯೦೧ರಲ್ಲಿ ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ ಅದು ಸೇರಿದೆ. ಕಲ್ಲಿನ ಬರಹಕ್ಕೆ ಒಣಹವೆಯ ಭಯವಿಲ್ಲ. ಓಲೆಯ ಬರಹಕ್ಕೆ ಉಂಟು.

ಕಾರಣ ಸರಳ. ೧೫ ಡಿಗ್ರಿ ಸೆಲ್ಸಿಯಸ್ ಉಷ್ಣದ ಗಾಳಿ ಘನಮೀಟರಿಗೆ ಸುಮಾರು ೧೩ ಗ್ರಾಂ ನೀರಾವಿಯಿಂದಲೇ ತುಂಬಿಹೋಗುತ್ತದೆ. ೩೦ ಡಿಗ್ರಿಯಲ್ಲಿ ಅದು ತುಂಬಲು ಸುಮಾರು ೩೦ ಗ್ರಾಂ ಬೇಕು. ಆದುದರಿಂದ ಮುಂಜಾನೆ ಇಬ್ಬನಿಯಿಂದ ತೊಯ್ದ ಗಾಳಿಯೇ ನಡುಹಗಲಿಗೆ ಸುಮಾರು ಶೇಕಡ ೪೦ರಷ್ಟು ಆರ್ದ್ರತೆಯದಾಗುತ್ತದೆ. ಗರಿಯು ತನ್ನ ತೇವವನ್ನು ಗಾಳಿಗೆ ಬಿಟ್ಟುಕೊಟ್ಟು, ಕುಗ್ಗಿ, ಪೆಡಸಾಗುತ್ತದೆ. ಆಗ ಮಡಿಸಿದರೆ, ದಾರವನ್ನು ಬಿಗಿದೆಳೆದರೆ, ರಂಧ್ರದ ಬಳಿಯೂ ಅಂಚಿನಲ್ಲಿಯೂ ಸೀಳುತ್ತದೆ. ಜೈಸಲಮೇರದಂತಹ ಮರುಭೂಮಿಯಲ್ಲಿಯೂ ನೆಲಮಾಳಿಗೆಯ ಭಂಡಾರದಲ್ಲಿ ತಾಡಪತ್ರಗಳು ಶತಮಾನಗಳ ಕಾಲ ಉಳಿದಿವೆಯಾದುದರಿಂದ, ಶುಷ್ಕತೆಗಿಂತ ಹವೆಯ ಏರಿಳಿತವೂ ಒಣಗಿದ ಗರಿಯನ್ನು ಬಳಸುವ ರೀತಿಯೂ ಹೆಚ್ಚು ಹಾನಿಕರವೆಂದು ತಿಳಿಯಬೇಕು.

ಪೂರ್ವಾಚಾರದಲ್ಲಿ ಇದಕ್ಕೆ ಹೊಂದುವ ವಿವೇಕ ಕಾಣುತ್ತದೆ. ಮರದ ಹಲಗೆಗಳ ನಡುವೆ ಕಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಕಟ್ಟು ಹೊರಗಿನ ಏರಿಳಿತವನ್ನು ನಿಧಾನವಾಗಿ ಮಾತ್ರ ಒಳಕ್ಕೆ ಬಿಡುತ್ತದೆ. ಗ್ರಂಥಗಳನ್ನು ಪೂಜಿಸುವ ದಿಗಂಬರರ ಶ್ರುತಪಂಚಮಿ ಜ್ಯೇಷ್ಠ ಶುಕ್ಲದಲ್ಲಿ, ಮುಂಗಾರಿನ ಹೊಸ್ತಿಲಲ್ಲಿ ಬರುತ್ತದೆ. ಶ್ವೇತಾಂಬರರ ಜ್ಞಾನಪಂಚಮಿ ಕಾರ್ತಿಕ ಶುಕ್ಲದಲ್ಲಿ, ಮಳೆಗಾಲ ಮುಗಿದ ಮೇಲೆ ಬರುತ್ತದೆ. ಧಾರ್ಮಿಕ ನಿಮಿತ್ತ ಬೇರೆಯಾದರೂ ಇವೆರಡೂ ಪುಷ್ಯಮಾಘಗಳ ಒಣಗಾಲವನ್ನು ತಪ್ಪಿಸಿವೆ ಎಂಬುದು ಗಮನಾರ್ಹ.

ಮಾಗಿಯಲ್ಲಿಯೇ ಓದಬೇಕಾದಾಗ ತೇವವನ್ನು ಕೊಡಬೇಕಾದುದು ಕೊಠಡಿಯ ಗಾಳಿಗೆ, ಗರಿಗಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಓಲೆಗಳಿಂದ ದೂರವಿರಿಸಿ, ಆರ್ದ್ರತಾಮಾಪಕವನ್ನು ನೋಡುತ್ತ ಶೇಕಡ ೫೦ರ ಆಸುಪಾಸಿಗೆ ತಂದರೆ ಸಾಕು. ೬೫ನ್ನು ಮೀರಿದರೆ ಬೂಷ್ಟಿಗೆ ಆಸ್ಪದವಾಗುತ್ತದೆ. ಕಟ್ಟನ್ನು ಬಿಚ್ಚದೆ ಒಂದೆರಡು ದಿನ ಆ ಕೊಠಡಿಯಲ್ಲಿಟ್ಟು ಅನಂತರ ತೆರೆಯುವುದು ಕ್ಷೇಮ. ಒದ್ದೆ ಬಟ್ಟೆಯಿಂದ ಒರೆಸುವುದು ಸರ್ವಥಾ ಕೂಡದು. ಕಂಠದಿಂದ ಕೊರೆದು ಮಸಿ ತುಂಬಿದ ಗರಿಯಲ್ಲಿ ಅಕ್ಷರದ ಗೀರಾದರೂ ಉಳಿದೀತು; ಮೂಡಬಿದಿರೆಯ ಧವಲಾ ಪ್ರತಿಗಳಂತೆ ಮಸಿಯಿಂದ ಬರೆದುದಾದರೆ ಅಕ್ಷರವೇ ತೊಳೆದುಹೋಗುತ್ತದೆ. ಸಿಟ್ರೊನೆಲ್ಲಾ ಎಣ್ಣೆಯ ಲೇಪವೂ ಕೊರೆದ ಗರಿಗೇ ಸಲ್ಲತಕ್ಕದ್ದು.

ಕಟ್ಟಿನ ಹೊರಗರಿಗಳು ಮೊದಲು ಒಣಗುತ್ತವೆ, ಮೊದಲು ಮುರಿಯುತ್ತವೆ. ಲಿಪಿಕಾರನ ಹೆಸರು, ಪ್ರತಿ ಮಾಡಿದ ಸಂವತ್ಸರ, ಶಾಸ್ತ್ರದಾನ ಮಾಡಿಸಿದವರ ಕುಲ ಇವೆಲ್ಲ ಇರುವುದು ಬಹುಮಟ್ಟಿಗೆ ಕೊನೆಯ ಗರಿಯ ಪ್ರಶಸ್ತಿಯಲ್ಲಿ. ಗ್ರಂಥಪಾಠವನ್ನು ಬೇರೊಂದು ಪ್ರತಿಯಿಂದ ತುಂಬಿಕೊಳ್ಳಬಹುದು. ಆ ಪ್ರಶಸ್ತಿಗೆ ಪ್ರತ್ಯಂತರವಿಲ್ಲ.