ಒಂದು ಶಿಲ್ಲಿಂಗ್ ಕೊಟ್ಟರೆ ತೋಟದ ಗೇಟು ತೆರೆಯುತ್ತಿತ್ತು

ಹಿತ್ತಲಲ್ಲಿ ಹೊಸ ಬಣ್ಣದ ದಾಸವಾಳ ಅರಳಿದರೆ ನಮ್ಮ ಊರುಗಳಲ್ಲಿ ಅದು ಗುಟ್ಟಾಗಿ ಉಳಿಯುವುದಿಲ್ಲ. ಎರಡೇ ದಿನದಲ್ಲಿ ಪಕ್ಕದ ಮನೆಯವರು ಬಂದು ನಿಲ್ಲುತ್ತಾರೆ. "ಅಕ್ಕಾ, ಒಂದು ಕಡ್ಡಿ ಮುರಿದು ಕೊಡ್ತೀರಾ?" ಬೇರೆಯವರ ಹಿತ್ತಲು ನೋಡುವ ಆಸೆ ಗಿಡ ಬೆಳೆಸುವವರಿಗೆಲ್ಲ ಇರುತ್ತದೆ. ಅವರ ಮಲ್ಲಿಗೆ ಯಾಕೆ ಅಷ್ಟು ಬಿಡುತ್ತದೆ, ನಮ್ಮದು ಯಾಕೆ ಬಿಡುವುದಿಲ್ಲ ಎಂದು ತಿಳಿಯುವ ಆಸೆ.

ಇಂಗ್ಲೆಂಡಿನಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಇದೇ ಆಸೆಗೆ ಒಂದು ಟಿಕೆಟ್ ಇಟ್ಟರು. ಆ ದುಡ್ಡು ಹೋಗಿದ್ದು ತೋಟದ ಯಜಮಾನರ ಜೇಬಿಗಲ್ಲ, ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ನರ್ಸ್‌ಗಳಿಗೆ. ಆ ಕಥೆ ಇದು.

ಗಾಜಿನ ಮನೆಯ ಕಾಲ

ಮೊದಲು ಅಲ್ಲಿನ ತೋಟಗಳು ಹೇಗಿದ್ದವು ನೋಡೋಣ. ಇಂಗ್ಲೆಂಡ್ ಚಳಿ ದೇಶ. ಬಾಳೆ, ತಾಳೆಯಂಥ ನಮ್ಮ ಕಡೆಯ ಗಿಡಗಳು ಅಲ್ಲಿ ಬಯಲಿನಲ್ಲಿ ಚಳಿಗಾಲ ದಾಟುವುದು ಕಷ್ಟ. ಹಾಗಾಗಿ ಶ್ರೀಮಂತರು ಗಾಜಿನ ಮನೆ ಕಟ್ಟಿಸಿ, ಒಳಗೆ ಬಿಸಿನೀರಿನ ಕೊಳವೆ ಹಾಯಿಸಿ, ಅವುಗಳನ್ನು ಸಾಕುತ್ತಿದ್ದರು. ಇವತ್ತು ನಮ್ಮ ಹೊಲಗಳಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ಗೆ ಈ ಗಾಜಿನ ಮನೆ ಅಜ್ಜ ಇದ್ದ ಹಾಗೆ.

ಗಾಜಿನ ಮೇಲೆ ಆಗ ತೆರಿಗೆ ಇತ್ತು. ಅದು ರದ್ದಾಗಿದ್ದು 1845ರಲ್ಲಿ. ಅಲ್ಲಿಯವರೆಗೆ ಗಾಜಿನ ಮನೆ ಎಂದರೆ ದೊಡ್ಡವರ ಮನೆಯ ಮಾತು. ಡರ್ಬಿಶೈರ್ ಜಿಲ್ಲೆಯ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಶೈರ್ ಡ್ಯೂಕ್ ಎಂಬ ದೊಡ್ಡ ಜಮೀನ್ದಾರರ ಎಸ್ಟೇಟ್ ಇತ್ತು. ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ರೈತ ಕುಟುಂಬದಲ್ಲಿ ಹುಟ್ಟಿದವರು. ಅವರು 1836ರಲ್ಲಿ ಶುರು ಮಾಡಿ ಕಟ್ಟಿಸಿದ ಗಾಜಿನ ಮನೆ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರ ಇತ್ತು. ಒಳಗೆ ಕುದುರೆ ಗಾಡಿಯೇ ಓಡಾಡುವಷ್ಟು ಜಾಗ. ಅದನ್ನು ಬಿಸಿಯಾಗಿಡಲು ಎಂಟು ಬಾಯ್ಲರ್‌ಗಳು ಉರಿಯುತ್ತಿದ್ದವು.

1849ರಲ್ಲಿ ಹತ್ತಿರದ ರೌಸ್ಲಿ ಊರಿಗೆ ರೈಲು ಬಂತು. ಆ ಬೇಸಿಗೆ ಸುಮಾರು 80,000 ಜನ ಚಾಟ್ಸ್‌ವರ್ತ್ ನೋಡಲು ಬಂದರು. ಪಟ್ಟಣದ ಕೂಲಿಕಾರರೂ ರಜೆಯ ದಿನ ರೈಲು ಹತ್ತಿ ಬರುವ ಕಾಲ ಅದು. ಬಡವರೇ ಬರಲಿ, ದೊಡ್ಡವರೇ ಬರಲಿ, ಎಲ್ಲರಿಗೂ ಕಾರಂಜಿ ಹಾರಿಸಿ ತೋರಿಸಬೇಕು ಎಂದು ಡ್ಯೂಕ್ ಅಪ್ಪಣೆ ಮಾಡಿದ್ದರು.

ಇದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯ ನಕ್ಷೆ ಮಾಡಿಕೊಟ್ಟರು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನೋಡಿದ್ದೀರಾ? ಹೂವು ಜೋಡಿಸುವ ಆ ಗಾಜಿನ ಮನೆ ಅದೇ ಮಾದರಿಯಿಂದ ಬಂದದ್ದು. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಲಾಲ್‌ಬಾಗ್ ಕೂಡ ಮೊದಲು ಹೈದರಾಲಿಯ ಖಾಸಗಿ ತೋಟವೇ ಆಗಿತ್ತು.

ಆದರೆ ಇಂಗ್ಲೆಂಡಿನಲ್ಲಿ ಎಲ್ಲ ತೋಟಗಳೂ ಚಾಟ್ಸ್‌ವರ್ತ್ ಹಾಗೆ ತೆರೆದಿರಲಿಲ್ಲ. ಎತ್ತರದ ಗೋಡೆ, ಬೀಗ ಹಾಕಿದ ಗೇಟು. ಊರಿನವರು ಒಳಗೆ ಹೋಗುತ್ತಿದ್ದುದು ಹೆಚ್ಚಾಗಿ ಕೆಲಸಕ್ಕೆ.

ಮನೆ ಬಾಗಿಲಿಗೆ ಬಂದ ನರ್ಸ್

ಈಗ ಕಥೆ ಲಿವರ್‌ಪೂಲ್ ಪಟ್ಟಣಕ್ಕೆ ಹೋಗುತ್ತದೆ. ಅಲ್ಲಿ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಕಾಯಿಲೆ ಹೆಚ್ಚಾದಾಗ ಮೇರಿ ರಾಬಿನ್ಸನ್ ಎಂಬ ನರ್ಸ್ ಮನೆಯಲ್ಲೇ ಇದ್ದು ಆರೈಕೆ ಮಾಡಿದರು. 1859ರಲ್ಲಿ ಹೆಂಡತಿ ತೀರಿಕೊಂಡರು. ದುಡ್ಡಿದ್ದ ನನ್ನ ಮನೆಗೇ ನರ್ಸ್ ಇಲ್ಲದೆ ನಡೆಯುತ್ತಿರಲಿಲ್ಲ, ಬಡವರ ಮನೆಯಲ್ಲಿ ಏನು ಗತಿ ಎಂದು ರಾತ್‌ಬೋನ್ ಯೋಚಿಸಿದರು. ಅದೇ ಮೇರಿ ರಾಬಿನ್ಸನ್ ಅವರಿಗೆ ಸಂಬಳ ಕೊಟ್ಟು, ಬಡವರ ಮನೆಗಳಿಗೆ ಹೋಗಿ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಸಲಹೆಯೂ ಸಿಕ್ಕಿ, ಕೆಲಸ ಬೆಳೆಯಿತು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದಾಗ ಕೂಡಿಬಂದ ಕಾಣಿಕೆಯಿಂದ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅದಕ್ಕೆ ಮುಂದೆ ಕ್ವೀನ್ಸ್ ನರ್ಸಿಂಗ್ ಇನ್‌ಸ್ಟಿಟ್ಯೂಟ್ ಎಂಬ ಹೆಸರು ಬಂತು.

ನಮ್ಮಲ್ಲಿ ಎಎನ್‌ಎಂ ಸಿಸ್ಟರ್, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬರುತ್ತಾರಲ್ಲ, ಈ ನರ್ಸ್‌ಗಳೂ ಹಾಗೆಯೇ ನಡೆದುಕೊಂಡು, ಸೈಕಲ್ ತುಳಿದು ಹೋಗುತ್ತಿದ್ದರು. ಬಾಣಂತಿ, ಮಗು, ಹಾಸಿಗೆ ಹಿಡಿದ ಮುದುಕರು, ಗಾಯ ಮಾಡಿಕೊಂಡ ಕೂಲಿಕಾರರು, ಹೀಗೆ ಎಲ್ಲರೂ ಇವರನ್ನೇ ಕಾಯುತ್ತಿದ್ದರು. ಆದರೆ ಆಗ ಸರ್ಕಾರದ ಉಚಿತ ಚಿಕಿತ್ಸೆ ಇರಲಿಲ್ಲ. ನರ್ಸ್ ಸಂಬಳಕ್ಕೆ ಊರಿನವರು ಪುಡಿಗಾಸು ಕೂಡಿಸಬೇಕಿತ್ತು, ಉಳ್ಳವರು ದಾನ ಕೊಡಬೇಕಿತ್ತು. ದುಡ್ಡು ಯಾವಾಗಲೂ ಸಾಲುತ್ತಿರಲಿಲ್ಲ.

609 ತೋಟಗಳು

ಆ ಸಂಸ್ಥೆಯ ಪೋಷಕಿಯಾಗಿದ್ದ ಅಲೆಕ್ಸಾಂಡ್ರಾ ರಾಣಿ 1925ರಲ್ಲಿ ತೀರಿಕೊಂಡರು. ಅವರ ನೆನಪಿಗೆ ನಿಧಿ ಕೂಡಿಸಿ, ನರ್ಸ್‌ಗಳ ತರಬೇತಿಗೆ ಮತ್ತು ನಿವೃತ್ತರಾದ ನರ್ಸ್‌ಗಳಿಗೆ ಬಳಸಬೇಕೆಂಬ ಮಾತು ಬಂತು. 1926ರಲ್ಲಿ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯೆ ಎಲ್ಸಿ ವ್ಯಾಗ್ ಒಂದು ಸಲಹೆ ಕೊಟ್ಟರು. ನಮ್ಮ ದೇಶದಲ್ಲಿ ಇಷ್ಟು ಚೆಂದದ ತೋಟಗಳಿವೆ, ನೋಡುವವರು ಮಾತ್ರ ಬೆರಳೆಣಿಕೆಯ ಜನ. ಬೇಸಿಗೆಯಲ್ಲಿ ಒಂದು ದಿನ ಗೇಟು ತೆರೆದು, ತಲೆಗೆ ಒಂದು ಶಿಲ್ಲಿಂಗ್ ತೆಗೆದುಕೊಂಡರೆ ಹೇಗೆ? ಇದು ಅವರ ಸಲಹೆಯ ಸಾರ.

1927ರ ಬೇಸಿಗೆಯಲ್ಲಿ 609 ತೋಟಗಳು ತೆರೆದವು. ಅರಸ ಐದನೇ ಜಾರ್ಜ್ ತಮ್ಮ ಸ್ಯಾಂಡ್ರಿಂಗ್‌ಹ್ಯಾಮ್ ತೋಟವನ್ನೇ ತೆರೆದರು. ಕೂಡಿದ ಹಣ 8,000 ಪೌಂಡ್‌ಗೂ ಹೆಚ್ಚು. ಒಂದು ಪೌಂಡ್‌ಗೆ 20 ಶಿಲ್ಲಿಂಗ್. ಲೆಕ್ಕ ಹಾಕಿದರೆ 1,60,000ಕ್ಕೂ ಹೆಚ್ಚು ಟಿಕೆಟ್‌ಗಳ ದುಡ್ಡು ಅದು.

ಒಂದು ಶಿಲ್ಲಿಂಗ್ ಎಲ್ಲರಿಗೂ ಸಣ್ಣ ಮೊತ್ತವಾಗಿರಲಿಲ್ಲ. ಆಗ ಹೊಲದ ಕೂಲಿಯಾಳಿಗೆ ವಾರಕ್ಕೆ ಸಿಗುತ್ತಿದ್ದುದು ಸುಮಾರು 30 ಶಿಲ್ಲಿಂಗ್. ಗಂಡ, ಹೆಂಡತಿ ಇಬ್ಬರೂ ತೋಟ ನೋಡಬೇಕೆಂದರೆ ಹತ್ತಿರ ಹತ್ತಿರ ಅರ್ಧ ದಿನದ ಕೂಲಿ ಬಿಡಬೇಕಿತ್ತು. ಆದರೆ ತೋಟ ನೋಡಲು ಆಗದ ಮನೆಗೂ ಆ ತೋಟದ ದುಡ್ಡು ಹೋಗುತ್ತಿತ್ತು, ನರ್ಸ್ ರೂಪದಲ್ಲಿ. ಆ ಮನೆಯ ಹೆರಿಗೆಗೆ ಬರುತ್ತಿದ್ದವಳು ಅವಳೇ.

ಯಜಮಾನರು ಗೇಟು ತೆರೆಯಲು ಕಾಲವೂ ಕೂಡಿಬಂದಿತ್ತು ಎನ್ನಬೇಕು. ಮೊದಲ ಮಹಾಯುದ್ಧಕ್ಕೆ ಹೋದ ಎಷ್ಟೋ ತೋಟಗಾರರು ಹಿಂತಿರುಗಲಿಲ್ಲ. ತೆರಿಗೆ, ಖರ್ಚು ಏರಿದ್ದವು. ಚಾಟ್ಸ್‌ವರ್ತ್‌ನ ಆ ದೊಡ್ಡ ಗಾಜಿನ ಮನೆಗೆ ಯುದ್ಧಕಾಲದಲ್ಲಿ ಕಲ್ಲಿದ್ದಲು ಸಿಗಲಿಲ್ಲ. ಒಳಗಿನ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಿದರು. ದೊಡ್ಡವರ ತೋಟಗಳೂ ಶಾಶ್ವತವಲ್ಲ ಎಂದು ಎಲ್ಲರೂ ಕಣ್ಣಾರೆ ಕಂಡಿದ್ದ ಕಾಲ ಅದು.

ಸರ್ಕಾರ ಬಂದ ಮೇಲೆ

1948ರಲ್ಲಿ ಬ್ರಿಟನ್ ಸರ್ಕಾರ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು. ಮನೆ ಮನೆಗೆ ಹೋಗುವ ನರ್ಸ್‌ಗಳ ಜವಾಬ್ದಾರಿ ಸರ್ಕಾರದ್ದಾಯಿತು. ಇನ್ನು ಈ ಶಿಲ್ಲಿಂಗ್ ಯಾಕೆ ಎಂದು ಕೇಳಬಹುದಿತ್ತು. ಆದರೆ ಮುದಿ ವಯಸ್ಸಿನ ನರ್ಸ್‌ಗಳು ಇನ್ನೂ ಇದ್ದರಲ್ಲ, ಹಣ ಅವರ ಕಡೆ ಹರಿಯಿತು. ಒಂದು ಪಾಲು ಹಳೆಯ ತೋಟಗಳನ್ನು ಉಳಿಸುವ ಕೆಲಸಕ್ಕೂ ಹೋಯಿತು. 1980ರಲ್ಲಿ ಈ ಯೋಜನೆಯೇ ಒಂದು ಸ್ವತಂತ್ರ ಸಂಸ್ಥೆಯಾಯಿತು. ಕ್ಯಾನ್ಸರ್ ರೋಗಿಗಳನ್ನು, ಕೊನೆಗಾಲದಲ್ಲಿರುವವರನ್ನು ನೋಡಿಕೊಳ್ಳುವ ಸಂಸ್ಥೆಗಳಿಗೂ ಹಣ ಕೊಡತೊಡಗಿತು. ಶುರುವಾದಾಗಿನಿಂದ ಇದುವರೆಗೆ ಕೊಟ್ಟ ಹಣ 7 ಕೋಟಿ ಪೌಂಡ್‌ಗೂ ಹೆಚ್ಚು.

ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಹೆಚ್ಚಾಗಿ ಅರಮನೆ, ಬಂಗಲೆಗಳ ತೋಟಗಳಿದ್ದವು. ಇವತ್ತು ತೆರೆಯುವ 3,000ಕ್ಕೂ ಹೆಚ್ಚು ತೋಟಗಳಲ್ಲಿ ಸಾಮಾನ್ಯರ ಸಣ್ಣ ಹಿತ್ತಲುಗಳೂ ಇವೆ. ಎಷ್ಟು ಗುಂಟೆ ಎಂದು ಯಾರೂ ಕೇಳುವುದಿಲ್ಲ. ಬಂದವರು ಮುಕ್ಕಾಲು ಗಂಟೆ ಆಸಕ್ತಿಯಿಂದ ನೋಡುವಂತಿರಬೇಕು, ಅಷ್ಟೇ. ಕೆಲವು ಹಳ್ಳಿಗಳಲ್ಲಿ ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಹಿತ್ತಲು ತೆರೆಯುತ್ತಾರೆ. ಮನೆಯಲ್ಲೇ ಮಾಡಿದ ಕೇಕು, ಚಹಾ ಮಾರುತ್ತಾರೆ. ಕುಂಡದಲ್ಲಿ ಸಸಿ ಬೆಳೆಸಿ ಮಾರುತ್ತಾರೆ. ಬಂದವರು ಗೊಬ್ಬರ ಯಾವುದು, ಕತ್ತರಿಸುವುದು ಯಾವಾಗ ಎಂದು ಕೇಳುತ್ತಾ ನಿಲ್ಲುತ್ತಾರೆ. ನಮ್ಮಲ್ಲಿ ಬೇಲಿಯ ಆಚೆ ಈಚೆ ನಿಂತು ಮಾತಾಡುವ ಹಾಗೆಯೇ.

ಈ ಇತಿಹಾಸದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಅರಸನ ತೋಟವಲ್ಲ. ಒಂದು ತೋಟ ಒಬ್ಬರದ್ದೇ ಆಗಿದ್ದೂ ವರ್ಷಕ್ಕೊಂದು ದಿನ ಊರಿನದ್ದಾಗಬಹುದು, ಆ ಒಂದು ದಿನದ ದುಡ್ಡಿನಿಂದ ಯಾರದೋ ಗುಡಿಸಲಿನ ಬಾಗಿಲಲ್ಲಿ ನರ್ಸ್ ಬಂದು ನಿಲ್ಲಬಹುದು. ಯಜಮಾನರು ಜಮೀನು ಬಿಟ್ಟುಕೊಡಲಿಲ್ಲ, ಬೀಗ ತೆಗೆದರು. ಅಷ್ಟರಿಂದಲೇ ಇಷ್ಟಾಯಿತು.

ಮುಂದಿನ ಸಲ ಪಕ್ಕದ ಮನೆಯವರು ದಾಸವಾಳದ ಕಡ್ಡಿ ಕೇಳಲು ಬಂದಾಗ ಒಳಗೆ ಕರೆದು ಇಡೀ ಹಿತ್ತಲು ತೋರಿಸಿ. ಶಿಲ್ಲಿಂಗ್ ಕೇಳಬೇಡಿ. ಆದರೆ ಮನೆ ಬಾಗಿಲಿಗೆ ಬರುವ ಆಶಾ ಅಕ್ಕನಿಗೆ ಹೋಗುವಾಗ ನಾಲ್ಕು ಹೂವು, ಒಂದು ಕಟ್ಟು ಸೊಪ್ಪು ಕೊಟ್ಟು ಕಳಿಸಿ.